ಮಡುವಿನಲ್ಲಿ ಒಡೆದ ಕಾಯಿ

ನಾನು ಗೌನಿಪಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಕೋದಂಡರಾಮಪ್ಪನು ಅಲ್ಲಿಗೆ ಹತ್ತಿರದ ಒಂದು ಕೆರೆಗೆ ನೀರುಗಂಟಿಯಾಗಿದ್ದನು. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಹೆಂಡತಿ ಆಂಜಿನಮ್ಮನ ತಮ್ಮ, ತಾಯಿಯನ್ನು ಕಳೆದುಕೊಂಡಿದ್ದ ಕದಿರೇಶನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಮಗನಂತೆ ಬೆಳೆಸಿದ್ದನು. ಅವರಿಬ್ಬರ ಮಾತು ಕೇಳಲು ಸೊಗಸಾಗಿರುತ್ತಿತ್ತು.

"ಏನ್ಲಾ, ಎಮ್ಮೆ ಹಂಗೆ ಬಿದ್ಕೊಂಡಿದ್ದೀಯಾ? ತೂಬೆತ್ತೋಕೆ ನಿಮ್ಮಪ್ಪ ಬರ್ತಾನಾ?"

"ನಮ್ಮಪ್ಪ ಯಾಕೆ ಬಾವ? ಅವನ ಅಳಿಯ ನೀನಿದ್ದೀಯಲ್ಲ!"

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೂಳನ್ನು ಗಾಡಿಗಳಲ್ಲಿ ಹೊಲಗಳಿಗೆ ಹೊಡೆಯುತ್ತಿದ್ದರು. ಮೊದಲು ನೀರುಗಂಟಿಯು ಒಂದು ಕಡೆ ತೆಂಗಿನಕಾಯಿ ಒಡೆಯಬೇಕು. ಒಡೆದ ಮೇಲೆ ಆ ಜಾಗದ ಮಣ್ಣು ಬಂದವರಿಗೆಲ್ಲ ಸೇರಿದ್ದು. ಕೆರೆಯ ನಡುವಿನ ಮಡುವಿನಲ್ಲಿ ಮಾತ್ರ ಯಾರೂ ಕಾಯಿ ಒಡೆದವರಲ್ಲ. ಅದು ಗಂಗಮ್ಮನ ಪಾಲು.

೧೯೭೯ರ ಬೇಸಿಗೆಯಲ್ಲಿ ಬೆಂಗಳೂರಿನ ಕಾಲೇಜೊಂದರ ಅಧ್ಯಾಪಕಿ ಅನಸೂಯಮ್ಮನವರು ಆ ಮಡುವನ್ನು ಹುಡುಕಿಕೊಂಡು ಬಂದರು. ಕಟ್ಟೆ ಕಟ್ಟುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಅಲ್ಲಿ ಜೌಗು ಇದ್ದಿರಬೇಕೆಂದು ಅವರ ಊಹೆ. ಗಿಡಮರಗಳ ಹೂವಿನ ಧೂಳು ವರ್ಷವರ್ಷವೂ ಕೆಸರಿನಲ್ಲಿ ಕೂರುತ್ತದೆ. ಕೆಳಗಿನಿಂದ ಮೇಲಕ್ಕೆ ಅದನ್ನು ನೋಡುತ್ತ ಬಂದರೆ, ದೂರದ ದೇಶಗಳಲ್ಲಿ ಹಿಮ ಕರಗಿದ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಕಾಡಿತ್ತೇ, ಬರೀ ಹುಲ್ಲಿತ್ತೇ, ಮಳೆ ಹೇಗಿತ್ತು ಎಂಬುದೆಲ್ಲ ತಿಳಿಯುತ್ತದೆ. ಗುದ್ದಲಿ ಬಿದ್ದ ಕಡೆ ಪದರಗಳು ಕಲಸಿಹೋಗಿ ಏನೂ ತಿಳಿಯುವುದಿಲ್ಲ.

"ಅಂದ್ರೆ ಗಂಗಮ್ಮ ತಿಂದಿದ್ದನ್ನೆಲ್ಲ ಕಕ್ಕಿಸ್ತೀರಾ ತಾಯಿ?" ಎಂದನು ಕೋದಂಡರಾಮಪ್ಪ.

"ಒಂದು ತುತ್ತು ಸಾಕಪ್ಪ" ಎಂದು ಅವರು ನಕ್ಕರು.

ಅವನು ಒಪ್ಪಿದನು. ಆದರೆ ದೇವರ ಪಾಲಿಗೆ ಸುಮ್ಮನೆ ಮಣ್ಣೆತ್ತುವ ಕಬ್ಬಿಣದ ಕೊಳವೆ ಇಳಿಸಲು ಮನಸ್ಸು ಬಾರದೆ, ಮಡುವಿನ ಅಂಚಿನಲ್ಲಿ ಕರ್ಪೂರ ಹಚ್ಚಿ ಒಂದು ಕಾಯಿ ಒಡೆದನು.

ತಿರುಗಿಸಿ ಇಳಿಸಿದ ಕೊಳವೆಯಲ್ಲಿ ಮೊದಲು ಬೂದು ಬಣ್ಣದ ಜೇಡಿ, ಅದರ ಕೆಳಗೆ ದಪ್ಪ ಮರಳು, ಕೊನೆಗೆ ಕಾಡಿಗೆಯಂಥ ಕೆಸರು ಬಂದಿತು. ಆ ಕಪ್ಪು ಪದರದಲ್ಲಿ ಕೊಳವೆ ಸಿಕ್ಕಿಕೊಂಡು ಮುಂದಕ್ಕೆ ಇಳಿಯಲಿಲ್ಲ. ಎಷ್ಟು ಹಳೆಯ ಕಾಲದ್ದೆಂದು ಹೇಳಬೇಕಾದ ಮಣ್ಣು ಅದೇ. ಕೊಳವೆ ಹೊತ್ತಿದ್ದ ಕದಿರೇಶನು ಜೇಡಿಯನ್ನು ಬೆರಳಲ್ಲಿ ಉಜ್ಜಿ, "ಬೆಣ್ಣೆ ಇದ್ದಂಗಿದೆ ಬಾವ" ಎಂದನು.

"ಬರೋ ಬೇಸಿಗೇಲಿ ಗಟ್ಟಿ ಕೊಳವೆ ತರ್ತೀನಿ. ಅಲ್ಲೀತನಕ ಇಲ್ಲಿ ಗುದ್ದಲಿ ಬೀಳಬಾರದು" ಎಂದರು ಅನಸೂಯಮ್ಮ.

"ಬಿದ್ರೆ ನನ್ನ ಹೆಣದ ಮೇಲೆ ಬೀಳ್ಬೇಕು ತಾಯಿ."

ಮರುವರ್ಷದ ಬೇಸಿಗೆಯಲ್ಲಿ ಅವನು ನೆಂಟರ ಮದುವೆಗೆಂದು ಮುಳಬಾಗಿಲಿಗೆ ಹೋಗಬೇಕಾಯಿತು. ಮಡುವಿನ ಕಾವಲನ್ನು ಕದಿರೇಶನಿಗೆ ಒಪ್ಪಿಸಿ ಹೋದನು. ತಿರುಗಿ ಬಂದಾಗ ಕೆರೆಯಂಗಳದಲ್ಲಿ ಮಾಲೂರಿನ ಹಂಚಿನ ಕಾರ್ಖಾನೆಯೊಂದರ ಲಾರಿಗಳು ಜೇಡಿ ತುಂಬಿಕೊಂಡು ನಿಂತಿದ್ದವು. ಮಡು ಇದ್ದಲ್ಲಿ ದೊಡ್ಡದೊಂದು ಗುಂಡಿ. ಅದರ ದಡದಲ್ಲಿ ಲಾರಿಯವರಿಗೆ ದಾರಿ ತೋರಿಸುತ್ತ ನಿಂತಿದ್ದವನು ಕದಿರೇಶ.

ಸಿಟ್ಟು ಬಂದರೆ ಕೋದಂಡರಾಮಪ್ಪನಿಗೆ ತೆಲುಗೇ ಬರುವುದು. "ಏಮಿರಾ ಇದಿ?"

"ಯಾಕೆ ಬಾವ? ಕಾಯಿ ಒಡೆದೋನು ನೀನೇ ಅಲ್ವಾ? ಒಡೆದ ಮೇಲೆ ಮಣ್ಣು ಎಲ್ಲಾರ್ದು. ಈ ಪದ್ಧತಿ ನಾನು ಮಾಡಿದ್ದಾ?"

"ಅದು ಆ ಯಮ್ಮನ ಕೊಳವೆಗೆ ಒಡೆದಿದ್ದು ಕಣೋ!"

"ಕಾಯಿಗೇನು ಗೊತ್ತು?"

ಊರ ಹಿರಿಯರೂ ಕದಿರೇಶನ ಮಾತನ್ನೇ ಒಪ್ಪಿದರು. ಪದ್ಧತಿ ಎಂದರೆ ಪದ್ಧತಿ.

ಅನಸೂಯಮ್ಮನವರು ಹೊಸ ಕೊಳವೆಯೊಡನೆ ಬಂದು ಗುಂಡಿಯನ್ನು ನೋಡಿದರು. ಒಂದು ಕಪ್ಪು ಹೆಂಟೆಯನ್ನು ಎತ್ತಿಕೊಂಡು, ಹೊರಳಿಸಿ ನೋಡಿ, ಕೆಳಗಿಟ್ಟರು.

"ಆ ಮಣ್ಣು ಮಾಲೂರಲ್ಲೇ ಇರ್ತದಲ್ಲ ತಾಯಿ, ಹೋಗಿ ತರ್ಲಾ?" ಎಂದನು ಕೋದಂಡರಾಮಪ್ಪ.

"ಬೇಡಪ್ಪ. ಕಲಸಿಬಿಟ್ಟಿರ್ತಾರೆ. ಹಂಚು ಸುಡುವಾಗ ಹೂವಿನ ಧೂಳೂ ಸುಟ್ಟು ಹೋಗುತ್ತೆ." ಕೈಯ ಮಣ್ಣನ್ನು ಕೊಡವಿಕೊಳ್ಳುತ್ತ ಅವರು ಕೇಳಿದರು: "ಕಾವಲಿಗೆ ಯಾರನ್ನ ಬಿಟ್ಟಿದ್ರಿ?"

"ನಮ್ಮೋರನ್ನೇ" ಎಂದನು. ಹೆಸರು ಹೇಳಲಿಲ್ಲ.

ಮಳೆಗಾಲ ಬರುವ ಮುಂಚೆ ಕದಿರೇಶನು ಅಕ್ಕನ ಹುಲ್ಲಿನ ಮನೆಗೆಂದು ಅದೇ ಕಾರ್ಖಾನೆಯಿಂದ ಒಂದು ಗಾಡಿ ಹಂಚು ತಂದು ಗೋಡೆಯ ಪಕ್ಕದಲ್ಲಿ ಇಳಿಸಿದನು. ಆ ಹೊತ್ತಿಗೆ ನಾನು ಜಗಲಿಯಲ್ಲಿ ಕುಳಿತಿದ್ದೆ. ಕೋದಂಡರಾಮಪ್ಪನು ಅವನನ್ನು ಕಂಡು ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ. ಆಂಜಿನಮ್ಮ, ಅವರಿಗೆ ಕುಡಿಯೋಕೆ ನೀರು ಕೊಡು" ಎಂದನು.

ಕದಿರೇಶನ ಮುಖ ಬಾಡಿತು. "ಬಾವ, ಹಂಗನ್ಬೇಡ. ಎಮ್ಮೆ ಅನ್ನು, ಕತ್ತೆ ಅನ್ನು."

"ದೊಡ್ಡೋರು ನೀವು. ಹಂಗೆಲ್ಲ ಅನ್ನಬಾರದು."

ಎಂಬತ್ತನಾಲ್ಕರಲ್ಲಿ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಹೊರಡುವ ಮುನ್ನ ಹೇಳಿ ಬರಲು ಅವನ ಮನೆಗೆ ಹೋದೆನು. ಮನೆಯ ಮಾಡಿಗೆ ಆಗಷ್ಟೇ ಹೊಸ ಹುಲ್ಲು ಹೊದಿಸಿದ್ದನು. ಗೋಡೆಯ ಪಕ್ಕದ ಹಂಚುಗಳ ಸಂದಿನಲ್ಲಿ ತುಂಬೆ ಗಿಡ ಹೂ ಬಿಟ್ಟಿತ್ತು. ಅಂದು ಹಬ್ಬ. ಈಗ ಬೇರೆ ಮನೆಯಲ್ಲಿದ್ದ ಕದಿರೇಶನು ಅಕ್ಕನಿಗೆ ಬಾಗಿನ ತಂದು ಬಾಗಿಲಲ್ಲೇ ನಿಂತು ಬಾವನ ಬಾಯನ್ನು ನೋಡುತ್ತಿದ್ದನು.

"ಬನ್ನಿ" ಎಂದನು ಕೋದಂಡರಾಮಪ್ಪ.