ಪೆನ್ಸಿಲ್ ಗೆರೆಯ ಮೇಲಿನ ಸೊಪ್ಪಿನ ತೋಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕಂತಸ್ತಿನ ಹಳೆಯ ಕಟ್ಟಡದ ತಾರಸಿಯಲ್ಲಿ ಒಬ್ಬ ಹೆಂಗಸು ಗೋಣಿಚೀಲ ಮಡಿಸಿ ಹಾಕಿ ಅದರ ಮೇಲೆ ಮಂಡಿಯೂರಿ ಕೂತಿದ್ದಾರೆ. ಮುಂದೆ ಪೇಂಟ್ ಖಾಲಿಯಾದ ಹಳೇ ಬಕೆಟ್‌ಗಳ ಸಾಲು. ಒಂದೊಂದರಲ್ಲೂ ಸೊಪ್ಪು, ಒಂದೊಂದರ ಕೆಳಗೂ ಒಂದು ತಟ್ಟೆ. ತಟ್ಟೆಗೆ ಸೋರಿದ ನೀರನ್ನು ಲೋಟದಲ್ಲಿ ಮೊಗೆದು ಪಕ್ಕದ ಬಕೆಟ್ಟಿಗೆ ಹಾಕುತ್ತಾರೆ. ಲೋಟಕ್ಕೆ ಸಿಗದಷ್ಟು ಉಳಿದದ್ದನ್ನು ಬಟ್ಟೆಯಿಂದ ಒತ್ತಿ ಹಿಂಡುತ್ತಾರೆ. ನೆಲಕ್ಕೆ ಒಂದು ಹನಿಯೂ ಬೀಳಬಾರದು.

ಆಮೇಲೆ ಕೊಯ್ಲು. ಪಾಲಕ್‌ನ ಹೊರಗಿನ ಎಲೆಗಳನ್ನಷ್ಟೇ ಉಗುರಿನಿಂದ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಾರೆ. ನಡುವಿನ ಎಳೆಚಿಗುರನ್ನು ಮುಟ್ಟುವುದಿಲ್ಲ. "ಅದು ಮುಂದಿನ ವಾರದ್ದು" ಎನ್ನುತ್ತಾ ಸೊಂಟ ಹಿಡಿದುಕೊಂಡು ಏಳುತ್ತಾರೆ.

ಕಟ್ಟಡದವರಿಗೆಲ್ಲ ಇವರು ಸೊಪ್ಪಕ್ಕ. ಮೊದಲು ಬಟ್ಟೆ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುತ್ತಿದ್ದರು. ಅಂಗಡಿ ಮುಚ್ಚಿತು. ಬಸ್ ಮೆಕ್ಯಾನಿಕ್ ಆಗಿದ್ದ ಗಂಡ ಬೆನ್ನುನೋವಿನಿಂದ ಅದಾಗಲೇ ಕೆಲಸ ಬಿಟ್ಟು ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಹಳೇ ಡಬ್ಬಿಯಲ್ಲಿ ಬೆಳೆದ ಕೊತ್ತಂಬರಿ ಕಂಡು ಪಕ್ಕದ ಮನೆಯವರು ನಮಗೂ ಕೊಡು ಎಂದರು, ಎದುರು ಮನೆಯವರೂ ಕೇಳಿದರು. ಹಾಗೆ ಶುರುವಾದದ್ದು ತಾರಸಿಗೆ ಏರಿತು. ಈಗ ಮನೆಯ ಒಲೆ ಉರಿಯುವುದೇ ಈ ಬಕೆಟ್‌ಗಳಿಂದ.

ಆ ಒಲೆಗೆ ಕಂಟಕವಾಗಿ ಬಂದದ್ದು ಒಂದು ಕಲೆ. ತಾರಸಿಯ ಕೆಳಗಿನ ಮನೆಯಲ್ಲಿ ಒಬ್ಬಂಟಿ ಅಜ್ಜಿ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅವರ ಮಲಗುವ ಕೋಣೆಯ ಚಾವಣಿಯಲ್ಲಿ ತೇವದ ಕಲೆ ಮೂಡಿತು. ಇದು ಇನ್ನಷ್ಟು ಹರಡಿದರೆ ಬಕೆಟ್‌ಗಳೆಲ್ಲ ಕೆಳಗಿಳಿಯಬೇಕು ಎಂದು ಕಟ್ಟಡದ ಮಾಲೀಕರು ಹೇಳಿಬಿಟ್ಟರು. ಅಜ್ಜಿ ಮಂಚದ ಮೇಲೆ ಸ್ಟೂಲ್ ಇಟ್ಟು ಹತ್ತಿ ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದರು. ಆ ಸ್ಟೂಲನ್ನು ಅಲುಗದಂತೆ ಹಿಡಿದುಕೊಂಡಿದ್ದವರು ಸೊಪ್ಪಕ್ಕನೇ.

ಹೆದರಿಕೆಯಲ್ಲಿ ಆಕೆ ಮಾಡಬಾರದ್ದನ್ನು ಮಾಡಿದರು. ನೀರು ಸೋರುವುದೇ ಬೇಡ ಎಂದು ಪ್ರತಿ ಬಕೆಟ್‌ನ ತಳದ ತೂತಿಗೂ ಹರುಕು ಬಟ್ಟೆ ತುರುಕಿದರು. ತಾರಸಿಯೇನೋ ಒಣಗಿತು. ಆದರೆ ವಾರ ಕಳೆಯುವಷ್ಟರಲ್ಲಿ ಎಲೆಗಳು ಹಳದಿಯಾದವು, ಮಣ್ಣಿನಿಂದ ಕೆಟ್ಟ ವಾಸನೆ ಬಂತು, ಹರಿವೆಯ ಬೇರು ಕೈಗೆ ಲೋಳೆಯಾಗಿ ಬಂತು. ಎಲ್ಲವನ್ನೂ ಕಿತ್ತು ಎಸೆಯಬೇಕಾಯಿತು. ಗೋಡೆಗೆ ಮುಖ ಮಾಡಿ ಮಲಗಿದ್ದ ಗಂಡ ಅಂದಿದ್ದನ್ನು ಆಕೆ ಈಗ ನಕ್ಕು ಹೇಳುತ್ತಾರೆ: "'ಕಂಬಿ ಕಾಯಿಸಿ ಕಾಯಿಸಿ ನಾನು ತೂತು ಮಾಡಿದ್ದು ನೀನು ಬಟ್ಟೆ ತುರುಕೋಕಾ? ಗಿಡಕ್ಕೂ ಉಸಿರು ಬೇಕು ಕಣೇ' ಅಂದ್ರು. ಬೈದವರೇ ಎದ್ದು ಕೂತು, ನಾನು ಕೆಳಗೆ ತಂದುಕೊಟ್ಟ ಬಕೆಟ್‌ಗಳಿಂದ ಇಕ್ಕಳದಲ್ಲಿ ಒಂದೊಂದೇ ಬಟ್ಟೆ ಎಳೆದ್ರು. ಎಷ್ಟೋ ದಿನದ ಮೇಲೆ ಎದ್ದು ಕೂತಿದ್ರು."

ಆಮೇಲೆ ಮನೆಮನೆ ತಿರುಗಿ ತಟ್ಟೆಗಳನ್ನು ಕೂಡಿಸಿದರು. ಹಿಡಿ ಮುರಿದ ಬಾಣಲೆ, ಡಬ್ಬಿಯ ಮುಚ್ಚಳ, ಯಾವುದೋ ಮಗುವಿನ ಸ್ನಾನದ ತೊಟ್ಟಿ. ಕೆಲಸ ಎರಡರಷ್ಟಾಯಿತು. ಮೇಲೆ ನಲ್ಲಿಯಿಲ್ಲ, ನೀರನ್ನು ಹೊತ್ತೇ ಏರಬೇಕು. ಮಳೆ ಬಂದರೆ ಕೈಯಲ್ಲಿದ್ದ ತುತ್ತು ಬಿಟ್ಟು ಓಡಿ, ತಟ್ಟೆ ತುಂಬಿ ಚೆಲ್ಲುವ ಮೊದಲು ಬಕೆಟ್‌ಗಳಿಗೆ ಪ್ಲಾಸ್ಟಿಕ್ ಹೊದಿಸಬೇಕು. "ಮಳೆ ಸದ್ದು ಕೇಳಿದ್ರೆ ಬೇರೆಯವ್ರಿಗೆ ಹಾಡು ನೆನಪಾಗುತ್ತಂತೆ. ನನಗೆ ಮೆಟ್ಟಿಲು ನೆನಪಾಗುತ್ತೆ."

ನಿನ್ನೆ ಸಂಜೆ ಈ ವರ್ಷದ ಮೊದಲ ದೊಡ್ಡ ಮಳೆ ಸುರಿದಿದೆ. ಹಾಗಾಗಿ ಇವತ್ತು ಮೊದಲ ಕಟ್ಟು ಅಜ್ಜಿಗೆ. ಅಜ್ಜಿ ಸೊಪ್ಪನ್ನು ಮೂಸಿ, ಇದರಲ್ಲಿ ಹುಳ ಇಲ್ಲ ತಾನೇ ಎಂದು ಕೊಂಕು ತೆಗೆಯುತ್ತಾರೆ. ಹುಳಕ್ಕೆ ಬೇರೆ ಕಟ್ಟು ಇಟ್ಟಿದ್ದೀನಿ ಎಂದು ಸೊಪ್ಪಕ್ಕ ಅಂದರೂ ಕಣ್ಣು ಚಾವಣಿಯ ಮೇಲಿದೆ. ಅಜ್ಜಿ ದಿಂಬಿನ ಅಡಿಯಲ್ಲಿ ಕನ್ನಡಕ ಹುಡುಕುತ್ತಾರೆ, ಸೆರಗಿನಲ್ಲಿ ಒರೆಸುತ್ತಾರೆ, ಕತ್ತೆತ್ತಿ ಬಹಳ ಹೊತ್ತು ನೋಡುತ್ತಾರೆ.

"ಗೆರೆ ಒಳಗೇ ಇದೆ ಬಿಡು" ಎನ್ನುತ್ತಾರೆ ಕೊನೆಗೆ. "ಒಣಗಿ ಬೆಳ್ಳಗಾಗಿದೆ. ನಾಳೆ ಮೆಂತ್ಯ ತಾ."

ಸೊಪ್ಪಕ್ಕ ಬುಟ್ಟಿ ಇಳಿಸಿ ಹೊಸ್ತಿಲ ಬಳಿ ಕೂರುತ್ತಾರೆ. ಹಂಚಬೇಕಾದ ಮನೆಗಳು ಇನ್ನೂ ಇವೆ, ಆದರೂ ತಕ್ಷಣ ಏಳುವುದಿಲ್ಲ. ಪಾದ ಒತ್ತಿಕೊಳ್ಳುತ್ತಾ ಚಾವಣಿಯ ಗೆರೆಯತ್ತ ಕೈ ತೋರಿಸುತ್ತಾರೆ.

"ಸೊಪ್ಪು ಯಾರು ಬೇಕಾದ್ರೂ ಬೆಳೀತಾರೆ. ಆ ಒಣಗಿರೋ ಜಾಗ ಇದೆಯಲ್ಲ, ಅದು ನಾನು ಬೆಳೆದಿದ್ದು."