ಮಗಳ ಬ್ಯಾಗಿನ ಭಾರ

“ಅಮ್ಮಾ, ಈ ಬ್ಯಾಗ್ ಹಾಕ್ಕೊಂಡು ಒಂದ್ಸಲ ಮೆಟ್ಟಿಲು ಹತ್ತಿ ಇಳೀತೀರಾ?”

ಶಿವಮೊಗ್ಗದ ಅಂಗಡಿಯೊಂದರಲ್ಲಿ ಕಚೇರಿ ಕೆಲಸಕ್ಕೆಂದು ಹಗುರವಾದ ಲ್ಯಾಪ್‌ಟಾಪ್ ನೋಡುತ್ತಿದ್ದ ನಾನು, ಅಪರಿಚಿತ ಹಿರಿಯರೊಬ್ಬರು ಹೀಗೆ ಕೇಳಿದಾಗ ತಬ್ಬಿಬ್ಬಾದೆ.

ಅವರು ಭದ್ರಾವತಿಯವರು. ಮಗಳಿಗೆ ಸ್ತನದ ಆಪರೇಷನ್ ಆಗಿತ್ತು. ಮುಂದಿನ ವಾರದಿಂದ ಮತ್ತೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕೆಲಸಕ್ಕೆ ಬರುವವಳಿದ್ದಳು. ಹೆಚ್ಚು ಭಾರ ಹೊರಬಾರದೆಂದು ಡಾಕ್ಟರು ಹೇಳಿದ್ದರಂತೆ. ಅಂಗಡಿಯವರು ಅವಳಿಗೆಂದು ತೋರಿಸಿದ ಎರಡು ದುಬಾರಿ ಲ್ಯಾಪ್‌ಟಾಪ್‌ಗಳ ತೂಕ ಎಷ್ಟು ಸಲ ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಮನೆಯಿಂದ ಮಗಳ ಬ್ಯಾಗನ್ನೇ ತಂದಿದ್ದರು. ಊಟದ ಡಬ್ಬಿ, ತುಂಬಿದ ನೀರಿನ ಬಾಟಲಿ, ಕೊಡೆ ಎಲ್ಲವೂ ಅದರಲ್ಲಿತ್ತು. ಒಂದು ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಅದರೊಳಗಿಟ್ಟು ನನ್ನ ಕೈಗೆ ಕೊಟ್ಟರು.

“ಅವಳನ್ನ ಕೇಳಿದ್ರೆ ನಿಜ ಹೇಳಲ್ಲ, ಅದಕ್ಕೆ ನಿಮ್ಮನ್ನ ಕೇಳ್ತಿದ್ದೀನಿ.”

ಹತ್ತಿ ಇಳಿದೆ. ಹೆಗಲು ಜಗ್ಗುತ್ತಿತ್ತು. ಆದರೆ ಅವರ ಮುಖ ನೋಡಿ, “ಏನೂ ಭಾರ ಇಲ್ಲ ಅಂಕಲ್” ಎಂದುಬಿಟ್ಟೆ.

“ನೀವೂ ಅವಳ ಥರಾನೇ ಹೇಳ್ತೀರಿ” ಎನ್ನುತ್ತಾ ನನ್ನ ಹೆಗಲಿನಿಂದ ಬ್ಯಾಗ್ ಇಳಿಸಿಕೊಂಡು, ಮೊದಲನೆಯದನ್ನು ತೆಗೆದು ಎರಡನೆಯ ಲ್ಯಾಪ್‌ಟಾಪನ್ನು ಅದರಲ್ಲಿಟ್ಟರು.

ಈಗ ಮನೆಯಲ್ಲಿ ಯಾರಾದರೂ ‘ಏನೂ ಭಾರ ಇಲ್ಲ’ ಎಂದರೆ, ಅವರ ಕೈಯಲ್ಲಿರುವುದನ್ನು ಒಮ್ಮೆ ನಾನೇ ಎತ್ತಿ ನೋಡುತ್ತೇನೆ.