ಕಾರು ಶೆಡ್ಡಿನ ತ್ರಿಪಕ್ಷೀಯ ಸಂಧಾನ

ಕಾರ್ಮಿಕ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಸಂಧಾನಾಧಿಕಾರಿಯಾಗಿ ನಿವೃತ್ತರಾದ ಚನ್ನಬಸವಯ್ಯನವರ ಕಣ್ಣಿಗೆ ಲೋಕದಲ್ಲಿ ಕಾಣುತ್ತಿದ್ದುದು ಮೂರೇ ಪಂಗಡ: ಮಾಲೀಕರು, ಕಾರ್ಮಿಕರು, ಇಬ್ಬರ ನಡುವೆ ತುಸು ಎತ್ತರದ ಕುರ್ಚಿಯಲ್ಲಿ ಕೂತ ಸರ್ಕಾರ. ಸರ್ಕಾರ ಅಂದರೆ ಅವರೇ. ಕ್ಯಾಂಟೀನಿನ ಉಪ್ಪಿಟ್ಟಿನ ವಿಷಯಕ್ಕೆ ಮುಷ್ಕರ ಹೂಡಿದ ಗಾರ್ಮೆಂಟ್ಸಿನವರನ್ನು ಒಂಬತ್ತು ತಿಂಗಳು ಸತತವಾಗಿ ಮಾತಾಡಿಸಿ, ಎರಡೂ ಕಡೆಯವರಿಗೆ ಉಪ್ಪಿಟ್ಟೇ ಮರೆತುಹೋಗುವಂತೆ ಮಾಡಿದ ಧೀರರು ಅವರು. ನಿವೃತ್ತಿಯ ದಿನ ಕುರ್ಚಿ ಇಲಾಖೆಯಲ್ಲೇ ಉಳಿಯಿತು. ಸರ್ಕಾರ ಮಾತ್ರ ಶಾಲು, ಹಾರದ ಸಮೇತ ಆಟೋ ಹತ್ತಿ ಕುಮಾರಸ್ವಾಮಿ ಲೇಔಟಿನ ಮನೆಗೆ ಬಂದುಬಿಟ್ಟಿತು.

"ಸಮಾಜ ಒಂದು ದೇಹ ಇದ್ದ ಹಾಗೆ ಕಣೇ," ಎಂದು ಅವರು ದಿನಾ ಕಾಫಿಯ ಹೊತ್ತಿಗೆ ಹೆಂಡತಿ ಗಿರಿಜಾದೇವಿಗೆ ಬೋಧಿಸುವರು. "ಮಾಲೀಕರು ತಲೆ, ಕಾರ್ಮಿಕರು ಕೈ. ತಲೆ, ಕೈ ಕಿತ್ತಾಡಬಾರದು. ಅದನ್ನ ನೋಡ್ಕೊಳ್ಳೋ ಬೆನ್ನುಮೂಳೆನೇ ಸರ್ಕಾರ."

"ಬೆನ್ನುಮೂಳೆಗೆ ಸ್ವಲ್ಪ ಬಗ್ಗೋಕೆ ಹೇಳಿ. ಲೋಟ ಎತ್ತಿ ಸಿಂಕಿಗೆ ಹಾಕ್ಲಿ," ಎನ್ನುವರು ಗಿರಿಜಾದೇವಿ.

ಹೀಗಿರಲು ಒಂದು ಸೋಮವಾರ ಮನೆಗೆಲಸದ ಶರಣಮ್ಮ ಪೊರಕೆ ಕೆಳಗಿಟ್ಟು, "ಭಾನುವಾರ ರಜಾ ಬೇಕ್ರಿ," ಎಂದಳು. ಯಾದಗಿರಿ ಕಡೆಯ ಹೆಂಗಸು. ಮಗಳು ಕುಣಿಗಲ್ಲಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹಾಸ್ಟೆಲಿನವರು ಹೆತ್ತವರನ್ನು ಒಳಗೆ ಬಿಡುತ್ತಿದ್ದುದು ಭಾನುವಾರ ಮಾತ್ರ. ಶರಣಮ್ಮ ದುಡಿಯುತ್ತಿದ್ದ ಐದು ಮನೆಗಳಿಗೂ ನೆಂಟರು ಬರುತ್ತಿದ್ದುದು, ಪಾತ್ರೆ ಗುಡ್ಡೆ ಬೀಳುತ್ತಿದ್ದುದು ಅದೇ ಭಾನುವಾರ. "ಮಗಳ ಮಾರಿ ನೋಡಿ ಮೂರು ತಿಂಗ್ಳಾತ್ರಿ."

ಎದುರು ಮನೆಯ ಹಾರ್ಡ್‌ವೇರ್ ಅಂಗಡಿಯ ಶಶಿಕಾಂತ್ ಐದೂ ಮನೆಗಳ ಪರವಾಗಿ ಗುಡುಗಿದ: "ಇವಳಿಗೆ ಕೊಟ್ರೆ ಎಲ್ರೂ ಕೇಳ್ತಾರೆ ಸಾರ್!" ಎಲ್ಲರೂ ಕೇಳಿಯೇಬಿಟ್ಟರು. ಬುಧವಾರ ಶರಣಮ್ಮನೂ ಬೀದಿಯ ಇನ್ನು ಮೂವರೂ ಕೆಲಸ ನಿಲ್ಲಿಸಿದರು.

ಚನ್ನಬಸವಯ್ಯನವರ ಮೀಸೆಗೆ ಮರುಜೀವ ಬಂತು. ಬೀರುವಿನಿಂದ ಸಫಾರಿ ಹೊರಬಂದು ಇಸ್ತ್ರಿ ಕಂಡಿತು. ಅವರ ಮನೆಯ ಕಾರು ಶೆಡ್ಡಿನಲ್ಲಿ ತ್ರಿಪಕ್ಷೀಯ ಸಭೆ ಸೇರಿತು: ಎಡಕ್ಕೆ ಮಾಲೀಕರು, ಬಲಕ್ಕೆ ಕಾರ್ಮಿಕರು, ನಡುವೆ ಎರಡು ದಿಂಬು ಹಾಕಿಸಿಕೊಂಡು ಎತ್ತರವಾದ ಸರ್ಕಾರ. ಸಾವಿರ ಸಲ ಹೇಳಿದ್ದ ವಾಕ್ಯ ಬಾಯಿಗೆ ತಾನಾಗಿಯೇ ಬಂತು:

"ಸಂಧಾನ ಮುಗಿಯೋವರೆಗೂ ಯಥಾಸ್ಥಿತಿ. ಯಾರೂ ಏನನ್ನೂ ಬದಲಾಯಿಸೋ ಹಾಗಿಲ್ಲ."

ಹೊಸ ಕೆಲಸದವರನ್ನು ಯಾರೂ ಕರೆತರದಿರಲಿ ಎಂಬುದು ಅವರ ಉದ್ದೇಶ. ಎಲ್ಲರೂ ನಡವಳಿ ಪುಸ್ತಕಕ್ಕೆ ಸಹಿ ಹಾಕಿದರು. ಆಮೇಲೆ ಶರಣಮ್ಮ ಕೇಳಿದಳು: "ಅಂದ್ರ ಈಗ ಹ್ಯಾಂಗದ, ಹಂಗ ಇರಬೇಕೇನ್ರಿ ಸಾಹೇಬ್ರ?"

"ಹೌದಮ್ಮ."

"ಈಗ ನಾವು ಕೆಲಸಾ ಬಿಟ್ಟು ಕುಂತೀವ್ರಿ. ಹಂಗಾದ್ರ ಕುಂತೇ ಇರ್ತೀವಿ."

ನಡವಳಿಯ ಒಂದಕ್ಷರವನ್ನೂ ಹೊಡೆದುಹಾಕಿದ ಚರಿತ್ರೆ ಚನ್ನಬಸವಯ್ಯನವರಿಗಿರಲಿಲ್ಲ.

"ಸಾರ್, ನೀವು ಯಾರ ಕಡೆ?" ಎಂದ ಶಶಿಕಾಂತ್.

"ಸರ್ಕಾರಕ್ಕೆ ಕಡೆ ಅಂತ ಇರಲ್ಲಪ್ಪ."

"ಪಾತ್ರೆ ಇರುತ್ತಲ್ಲ ಸಾರ್!"

ಸರ್ಕಾರ ಗಂಟಲು ಸರಿಮಾಡಿಕೊಂಡು ಸಭೆಯನ್ನು ಮೂರು ದಿನ ಮುಂದೂಡಿತು. ಆಮೇಲೆ ಮತ್ತೆ ಮೂರು ದಿನ, ಮತ್ತೂ ಮೂರು ದಿನ. ಮುಂದೂಡುವುದು ಅವರಿಗೆ ವೀಳ್ಯದ ಹಾಗೆ ಅಭ್ಯಾಸವಾಗಿತ್ತು. ಬಾಯಿ ಕೆಂಪಾಗುವವರೆಗೆ ಬಿಡುತ್ತಿರಲಿಲ್ಲ. ನಡುವೆ ಒಂದು ಭಾನುವಾರ ಶರಣಮ್ಮ ಕುಣಿಗಲ್ಲಿಗೆ ಹೋಗಿಯೂ ಬಂದಳು. "ನೋಡಿದ್ಯಾ ಮಗಳ್ನ?" ಎಂದು ಗಿರಿಜಾದೇವಿ ಕೇಳಿದರು. "ನೋಡೀನ್ರಿ ಅಮ್ಮಾರ. ಎತ್ತರಾಗ್ಯಾಳ. ಮುಂದಿನ ವಾರಾನೂ ಬರ್ತೀಯೇನವ್ವ ಅಂದ್ಳು. ಏನ್ ಹೇಳ್ಲಿ?" ಗಿರಿಜಾದೇವಿ ಸಿಂಕಿನಲ್ಲಿದ್ದ ಲೋಟಗಳತ್ತ ತಿರುಗಿದರು. ಪ್ರತಿ ಸಭೆಗೂ ಹನ್ನೆರಡು ಲೋಟ ಚಹಾ ಮಾಡುವುದು, ಹನ್ನೆರಡೂ ಲೋಟ ತೊಳೆಯುವುದು ಅವರ ಪಾಲಿಗೇ ಬಿದ್ದಿತ್ತು.

ನಾಲ್ಕನೇ ಸಭೆ. ಗಿರಿಜಾದೇವಿ ಚಹಾದ ತಟ್ಟೆ ಕೆಳಗಿಟ್ಟು, ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಶೆಡ್ಡು ದಾಟಿ ಶರಣಮ್ಮನ ಪಕ್ಕ ಹಾಕಿ ಕೂತರು.

"ಏನೇ ಇದು! ನೀನು ಮಾಲೀಕರ ಪಕ್ಷ!"

"ಯಾರು ಬರೆದಿದ್ದು ಹಾಗಂತ? ಮದುವೆಯಾಗಿ ಮೂವತ್ತೆಂಟು ವರ್ಷ, ಒಂದು ಭಾನುವಾರ ರಜಾ ಕಂಡಿಲ್ಲ. ಇಂಥ ಮಾಲೀಕಳನ್ನ ಎಲ್ಲಾದ್ರೂ ನೋಡಿದೀರಾ?"

ಶಶಿಕಾಂತನ ಹೆಂಡತಿ ಸಂಗೀತಾ ಒಂದು ಕ್ಷಣ ಯೋಚಿಸಿ ತನ್ನ ಕುರ್ಚಿಯನ್ನೂ ಎತ್ತಿದಳು. ಉಳಿದ ಮನೆಗಳ ಹೆಂಗಸರ ಕುರ್ಚಿಗಳೂ ಕರಕರ ಸದ್ದು ಮಾಡುತ್ತ ಬಲಕ್ಕೆ ಜರುಗಿದವು. ಎಡಕ್ಕೆ ಶಶಿಕಾಂತ್ ಒಬ್ಬನೇ ಉಳಿದ, ಮುಂಡವಿಲ್ಲದ ತಲೆಯಂತೆ.

ಚನ್ನಬಸವಯ್ಯನವರು ಪೆನ್ನು ಕಚ್ಚಿದರು. ಸಂಧಾನ ವಿಫಲವೆಂದು ಬರೆದು ಮೇಲಿನವರಿಗೆ ಕಳಿಸೋಣವೆಂದರೆ, ಅವರಿಗಿಂತ ಮೇಲಿದ್ದವರು ಆಗಷ್ಟೇ ಕಾರ್ಮಿಕರ ಸಾಲಿಗೆ ಹೋಗಿ ಕೂತಿದ್ದರು. ಮತ್ತೆ ಮುಂದೂಡೋಣವೆಂದರೆ ಚಹಾ ಮಾಡುವ ಕೈಯೇ ಈಗ ಶರಣಮ್ಮನ ಮಗ್ಗುಲಲ್ಲಿತ್ತು. ಸರ್ಕಾರ ಬಗ್ಗಿತು. ಭಾನುವಾರ ಎಲ್ಲ ಕಾರ್ಮಿಕರಿಗೂ ರಜೆ, ಗಿರಿಜಾದೇವಿಯವರಿಗೂ ಸೇರಿ. ಅಂದಿನ ಪಾತ್ರೆ ಉಳಿದ ಪಕ್ಷಗಳ ಹೊಣೆ.

ಭಾನುವಾರ ಬೆಳಿಗ್ಗೆ ಚಕ್ಕುಲಿ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟ ಶರಣಮ್ಮ ಗೇಟಿನ ಬಳಿ ನಿಂತಳು. ಸಫಾರಿಯ ತೋಳು ಮಡಚಿದ ಸರ್ಕಾರ ಹೊರಗಿನ ನಲ್ಲಿಯ ಮುಂದೆ ಕುಕ್ಕರಿನೊಡನೆ ಸೆಣಸುತ್ತಿತ್ತು.

"ಸಾಹೇಬ್ರ, ತಳಕ್ಕ ಹುಣಸೆಹಣ್ಣು ಹಚ್ಚಿ ತಿಕ್ರಿ!"

"ಆಯ್ತೇನ್ರೀ?" ಎಂದರು ಪೇಪರ್ ಓದುತ್ತ ಜಗುಲಿಯಲ್ಲಿ ಕೂತಿದ್ದ ಗಿರಿಜಾದೇವಿ.

"ಕುಕ್ಕರನ್ನ ಮುಂದಿನ ಭಾನುವಾರಕ್ಕೆ ಮುಂದೂಡಲಾಗಿದೆ."

"ಹಾಗಾದ್ರೆ ನಾಳೆ ತಿಂಡೀನೂ ಅಲ್ಲಿಗೇ ಮುಂದೂಡೋಣ್ವಾ?"

ಸರ್ಕಾರ ಹುಣಸೆಹಣ್ಣು ಹುಡುಕಲು ಒಳಗೆ ಹೋಯಿತು. ಎದುರು ಮನೆಯಲ್ಲಿ ಶಶಿಕಾಂತ್ ಬೀಳಿಸಿದ ಸ್ಟೀಲ್ ತಟ್ಟೆ ತಿರುಗುತ್ತ ತಿರುಗುತ್ತ ಸದ್ದು ಮಾಡುತ್ತಿತ್ತು. ಶರಣಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಬಿರಬಿರನೆ ನಡೆದಳು. ಎಂಟರ ಬಸ್ಸು ತಪ್ಪಬಾರದಿತ್ತು.